ಸಂಪಾದಕರ ಉತ್ತರ: ಗಾಂಜಾ ನಿಜಕ್ಕೂ 20 ಪಟ್ಟು ಜೋರಾಗಿದೆಯೇ?

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೋದ ತಿಂಗಳ ನಮ್ಮ ಲೇಖನದಲ್ಲಿ ‘ಈಗಿನ ಗಾಂಜಾ ಹಿಂದಿನದಕ್ಕಿಂತ 20 ಪಟ್ಟು ಜೋರು’ ಎಂಬ ಸಾಲಿತ್ತು. ‘ಇದು ಸುಮ್ನೆ ಹೆದರಿಸುವ ಮಾತಲ್ವಾ? ನಮ್ಮ ಕಾಲೇಜು ದಿನಗಳಲ್ಲೂ ಗೆಳೆಯರು ಸೇದುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಗಿಡ ಅದೇ ತಾನೇ?’ ಎಂದು ಕೇಳಿದ್ದೀರಿ. ಮಗನಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ.

ತಪ್ಪು ನಮ್ಮದೇ. ಆ 20 ಪಟ್ಟಿನ ಲೆಕ್ಕ ನಿಲ್ಲುವುದಿಲ್ಲ, ಅಚ್ಚಿಗೆ ಬಿಡಬಾರದಿತ್ತು. ಆದರೆ ‘ಗಿಡ ಅದೇ’ ಎಂಬ ನಿಮ್ಮ ಮಾತನ್ನೂ ನಾನು ಒಪ್ಪಲಾರೆ.

ಅಮಲು ಬರಿಸುವ ಅಂಶದ ಹೆಸರು ಟಿಎಚ್‌ಸಿ. ಇಸ್ರೇಲಿನ ರಾಫೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗವೋನಿ ಅದನ್ನು ಬೇರ್ಪಡಿಸಿ, ಅದರ ರಚನೆಯನ್ನು ತೋರಿಸಿಕೊಟ್ಟದ್ದು 1964ರಲ್ಲಿ. ಅಮೆರಿಕದ ಪೊಲೀಸರು ಹಿಡಿದ ಮಾಲನ್ನು ಮಿಸಿಸಿಪಿ ವಿಶ್ವವಿದ್ಯಾಲಯ ದಶಕಗಳಿಂದ ಪರೀಕ್ಷೆ ಮಾಡುತ್ತಾ ಬಂದಿದೆ. ಅದರಲ್ಲಿ ಟಿಎಚ್‌ಸಿಯ ಸರಾಸರಿ ಪ್ರಮಾಣ 1995ರಲ್ಲಿ ಸುಮಾರು ಶೇ 4 ಇತ್ತು. 2014ಕ್ಕೆ ಶೇ 12 ಆಯಿತು, 2017ಕ್ಕೆ ಶೇ 17. ಅಂದರೆ ನಾಲ್ಕು ಪಟ್ಟು. ಇದೇನು ಸಣ್ಣದಲ್ಲ.

ಹಾಗಾದರೆ 20 ಪಟ್ಟು ಎಲ್ಲಿಂದ ಬಂತು? 1970ರ ದಶಕದ ಮಾದರಿಗಳಲ್ಲಿ ಕಂಡ ಶೇ 1ರ ಆಸುಪಾಸಿನ ಅಂಕಿಯ ಪಕ್ಕ ಇವತ್ತಿನ ಅತಿ ಜೋರಿನ ಮಾಲನ್ನು ಇಟ್ಟರೆ ಅಂಥ ಲೆಕ್ಕ ಬರುತ್ತದೆ. ಆದರೆ ಆ ಹಳೇ ಮಾಲಿನಲ್ಲಿ ಎಲೆ, ಕಡ್ಡಿ, ಬೀಜ ಎಲ್ಲ ಬೆರೆತಿರುತ್ತಿತ್ತು. ದೂರದಿಂದ ಬಂದು ಉಗ್ರಾಣದಲ್ಲಿ ಕೂತಿರುತ್ತಿತ್ತು. ಟಿಎಚ್‌ಸಿ ಇಟ್ಟಲ್ಲಿ ಇಟ್ಟ ಹಾಗೆ ಇರುವುದಿಲ್ಲ. ಬೆಳಕು, ಶಾಖ, ಗಾಳಿ ತಾಗಿ ನಿಧಾನವಾಗಿ ಸಿಬಿಎನ್ ಎಂಬ ಸೌಮ್ಯ ವಸ್ತುವಾಗುತ್ತದೆ. ಮಾಮೂಲಿ ಕೋಣೆಯಲ್ಲಿ ನಾಲ್ಕು ವರ್ಷ ಇಟ್ಟರೆ ಸುಮಾರು ಶೇ 40ರಷ್ಟು ಹೋಗಿಬಿಡುತ್ತದೆ. ಹಳಸಿದ್ದನ್ನೂ ತಾಜಾ ಇರುವುದನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೀಗೇ ಆಗುವುದು.

ಇನ್ನು ಗಿಡದ ವಿಷಯ. ಹೆಣ್ಣು ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈತುಂಬಾ ಗಾಜಿನ ಅಣಬೆಗಳಂಥ ಪುಟ್ಟ ರೋಮಗಳು ಕಾಣುತ್ತವೆ. ಸಣ್ಣ ಕಾಂಡ, ತುದಿಯಲ್ಲಿ ಹೊಳೆಯುವ ಗುಂಡು ತಲೆ. ಟಿಎಚ್‌ಸಿ ಹುಟ್ಟುವುದು ಆ ತಲೆಯಲ್ಲಿರುವ ಅಂಟಿನಲ್ಲಿ. ಗಂಡು ಗಿಡಗಳನ್ನು ಕಿತ್ತುಹಾಕಿ ಬೀಜ ಕಟ್ಟದಂತೆ ನೋಡಿಕೊಂಡರೆ ಹೆಣ್ಣು ಗಿಡ ಹೂವು ಬಿಡುತ್ತಲೇ, ಅಂಟು ಸುರಿಸುತ್ತಲೇ ಹೋಗುತ್ತದೆ. ಇದಕ್ಕೆ ಒಳಾಂಗಣದ ದೀಪಗಳು, ಆರಿಸಿದ ತಳಿಗಳು, ತಾಯಿಗಿಡದ ತುಂಡಿನಿಂದಲೇ ಬೆಳೆಸುವ ಪದ್ಧತಿ ಸೇರಿಕೊಂಡವು.

ನನಗೆ ಹೆಚ್ಚು ಕಳವಳ ತಂದದ್ದು ಸಿಬಿಡಿ ವಿಚಾರ. ಅಮಲು ಬರಿಸದ ಈ ಅಂಶವೂ ಟಿಎಚ್‌ಸಿಯೂ ಗಿಡದೊಳಗೆ ಒಂದೇ ಮೂಲವಸ್ತುವಿನಿಂದ ಆಗುತ್ತವೆ. ಒಂದಕ್ಕೆ ಜಾಸ್ತಿ ಹೋದರೆ ಇನ್ನೊಂದಕ್ಕೆ ಉಳಿಯುವುದು ಕಡಿಮೆ. ಜೋರಿನ ಬೆನ್ನು ಹತ್ತಿ ತಳಿ ಮಾಡಿದ್ದರಿಂದ ಸಿಬಿಡಿ ಬಹುತೇಕ ಮಾಯವಾಯಿತು. ಅದೇ ಅಮೆರಿಕದ ಮಾದರಿಗಳಲ್ಲಿ 2001ರಲ್ಲಿ ಟಿಎಚ್‌ಸಿ ಸಿಬಿಡಿಯ 14 ಪಟ್ಟು ಇತ್ತು, 2014ರಲ್ಲಿ 80 ಪಟ್ಟು.

ಇಷ್ಟೆಲ್ಲ ಹೂವಿನ ಮಾತಾಯಿತು. ರೂಪ ಬದಲಾದರೆ ಲೆಕ್ಕವೇ ಬೇರೆ. ಅಂಟನ್ನು ಉಜ್ಜಿ ಅಥವಾ ಜರಡಿ ಹಿಡಿದು ಮಾಡುವ ಚರಸ್ ಹೂವಿಗಿಂತ ಸಾಮಾನ್ಯವಾಗಿ ಜೋರು. ಯೂರೋಪಿನಲ್ಲಿ ಅದರ ಸರಾಸರಿ 2006ರಲ್ಲಿ ಸುಮಾರು ಶೇ 8 ಇದ್ದದ್ದು 2016ಕ್ಕೆ ಶೇ 17 ಆಯಿತು. ಬ್ಯೂಟೇನ್‌ನಂಥ ದ್ರಾವಕದಿಂದ ತೆಗೆದ ವ್ಯಾಕ್ಸ್, ಎಣ್ಣೆಗಳು ಶೇ 60, 70, ಅದಕ್ಕೂ ಮೇಲೆ. ಲೆಕ್ಕ ಹಾಕಿ ನೋಡಿ: ನಿಮ್ಮ ಗೆಳೆಯರ ಕಾಲದ ಶೇ 4ರ ಅರ್ಧ ಗ್ರಾಂ ಹೂವಿನಲ್ಲಿ ಇದ್ದದ್ದು 20 ಮಿಲಿಗ್ರಾಂ ಟಿಎಚ್‌ಸಿ. ಶೇ 70ರ ವ್ಯಾಕ್ಸ್ ಎರಡು ಅಕ್ಕಿಕಾಳಿನ ತೂಕ, ಅಂದರೆ 0.05 ಗ್ರಾಂ ಇದ್ದರೂ 35 ಮಿಲಿಗ್ರಾಂ. ಜೋರಾಗಿದ್ದರೆ ಜನ ಕಡಿಮೆ ಸೇದುತ್ತಾರೆ ಎನ್ನುವವರಿದ್ದಾರೆ. ಸ್ವಲ್ಪ ಕಡಿಮೆ ಮಾಡುವುದು ನಿಜ, ಆದರೆ ಸರಿದೂಗುವಷ್ಟಲ್ಲ.

ತಿನ್ನುವ ರೂಪದಲ್ಲಿ ಶೇಕಡಾವಾರು ನೋಡಿದರೆ ಏನೂ ತಿಳಿಯುವುದಿಲ್ಲ. ಅಲ್ಲಿ ಮಿಲಿಗ್ರಾಂ ಮುಖ್ಯ, ಗಡಿಯಾರ ಇನ್ನೂ ಮುಖ್ಯ. ಹೊಗೆ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದದ್ದು ಅರ್ಧ ಗಂಟೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಯಕೃತ್ತಿನಲ್ಲಿ ಅದು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗುತ್ತದೆ, ಅದರ ಅಮಲೂ ಬಲವಾದದ್ದೇ. ‘ಏನೂ ಆಗ್ಲಿಲ್ವಲ್ಲ’ ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡವರು, ಎರಡೂ ಒಟ್ಟಿಗೆ ಏರಿದಾಗ ಎದೆ ಹೊಡೆದುಕೊಂಡು ಆಸ್ಪತ್ರೆ ಸೇರುತ್ತಾರೆ.

‘ಯಾರಿಗೂ ಏನೂ ಆಗಲಿಲ್ಲ’ ಎಂದಿರಿ. ನಿಮ್ಮ ಗೆಳೆಯರ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ 2019ರಲ್ಲಿ ಯೂರೋಪು ಮತ್ತು ಬ್ರೆಜಿಲ್‌ನ 11 ಕಡೆಗಳ ಅಧ್ಯಯನವೊಂದು ಪ್ರಕಟವಾಯಿತು. ಶೇ 10ಕ್ಕಿಂತ ಮೇಲಿನ ಟಿಎಚ್‌ಸಿ ಇರುವುದನ್ನು ದಿನಾ ಬಳಸುವವರಲ್ಲಿ, ಎಂದೂ ಬಳಸದವರಿಗೆ ಹೋಲಿಸಿದರೆ, ಸೈಕೋಸಿಸ್ (ಭ್ರಮೆಗಳು ಕಾಡಿ ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಬರುವ ಸಾಧ್ಯತೆ ಸುಮಾರು ಐದು ಪಟ್ಟು ಕಂಡಿತು. ಇದೊಂದರಿಂದಲೇ ಕಾರಣ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೂ ಹದಿಹರೆಯದ ಮಗನಿರುವ ಮನೆಯಲ್ಲಿ ಇದನ್ನು ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ.

ಮಗನಿಗೆ ನಮ್ಮ 20 ಪಟ್ಟಿನ ಸಾಲು ತೋರಿಸಬೇಡಿ. ಅದು ಸುಳ್ಳೆಂದು ಗೊತ್ತಾದ ದಿನ ಅವನು ಉಳಿದ ನಿಜಗಳನ್ನೂ ನಂಬುವುದಿಲ್ಲ. ಮೇಲಿನ ಅಕ್ಕಿಕಾಳಿನ ಲೆಕ್ಕವನ್ನು ಅವನ ಜೊತೆ ಕೂತು ಮಾಡಿ. ಹೂವು, ವ್ಯಾಕ್ಸ್, ತಿನ್ನುವ ತುಂಡು, ಇವುಗಳ ನಡುವಿನ ವ್ಯತ್ಯಾಸ ಅವನಿಗೆ ಗೊತ್ತಾ ಎಂದು ಕೇಳಿ. ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ, ಆ ಲೇಖನ ಬಂದಿದ್ದ ಪುಟದಲ್ಲೇ ಹಾಕುತ್ತೇವೆ.

— ಸಂಪಾದಕ