ಲಿಪಿಕಾರ, ಹೆಚ್ಚುವರಿ ಸಮಯ ಮತ್ತು ತರಗತಿಯ ಪಾಠ: ಶಿಕ್ಷಕರೊಬ್ಬರ ಪತ್ರಕ್ಕೆ ಉತ್ತರ

ಮಾನ್ಯರೇ,

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ತಾವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಬಾಯಲ್ಲಿ ಸ್ಪಷ್ಟವಾಗಿ ಉತ್ತರಿಸುವ, ಆದರೆ ಬರೆಯಲು ಕುಳಿತರೆ ಒತ್ತಕ್ಷರಗಳಲ್ಲೇ ತಡವರಿಸುವ ವಿದ್ಯಾರ್ಥಿಗೆ ಎಸ್ಸೆಸ್ಸೆಲ್ಸಿಯಲ್ಲಿ ಅವನು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರನನ್ನೂ ಹೆಚ್ಚುವರಿ ಸಮಯವನ್ನೂ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗದೇ ಎಂಬುದು ಮೊದಲನೆಯದು. ಐವತ್ತು ಮಕ್ಕಳ ತರಗತಿಯಲ್ಲಿ ಅವನೊಬ್ಬನಿಗೆ ಬೇರೆ ಪಾಠ ಮಾಡುವುದು ಹೇಗೆ ಎಂಬುದು ಎರಡನೆಯದು.

ಅನ್ಯಾಯವಾಗುವುದಿಲ್ಲ. ಹೃದಯದ ನಾಲ್ಕು ಕೋಣೆಗಳ ಕಾರ್ಯವನ್ನು ವಿವರಿಸಿ ಎಂಬ ಪ್ರಶ್ನೆ ಅಳೆಯುವುದು ರಕ್ತಪರಿಚಲನೆಯ ತಿಳಿವಳಿಕೆಯನ್ನು, ಕೈಯ ವೇಗವನ್ನಲ್ಲ. ಪ್ರಶ್ನೆಯೂ ಅಂಕವೂ ಮೌಲ್ಯಮಾಪನವೂ ಎಲ್ಲರಿಗೂ ಒಂದೇ ಆಗಿರುತ್ತವೆ. ಕಾಗುಣಿತವನ್ನೇ ಪರೀಕ್ಷಿಸುವ ಭಾಷಾ ಪ್ರಶ್ನೆಗೆ ಈ ವಾದ ಹಾಗೆಯೇ ಅನ್ವಯಿಸದು ಎಂಬುದನ್ನೂ ಒಪ್ಪುತ್ತೇನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಅಂದರೆ ಓದು, ಬರಹ ಅಥವಾ ಲೆಕ್ಕದಲ್ಲಿ ತೊಡಕು ತರುವ ಸಮಸ್ಯೆಯೂ, ಒಂದು. ಅದರ 17ನೇ ಕಲಮು ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಸೌಲಭ್ಯವನ್ನು ಹೆಸರಿಸಿಯೇ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ, ವೈಕಲ್ಯ ಕನಿಷ್ಠ ಶೇ. 40 ಇರಬೇಕೆಂಬ ಮಿತಿಯನ್ನು ಮುಂದಿಟ್ಟು ಲಿಪಿಕಾರನನ್ನು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಅದೇ 17ನೇ ಕಲಮಿನಲ್ಲಿ ದ್ವಿತೀಯ, ತೃತೀಯ ಭಾಷೆಗಳಿಂದ ವಿನಾಯಿತಿಯೂ ಇದೆ. ಆದರೆ ಅದನ್ನು ಅವಸರದಲ್ಲಿ ಪಡೆಯಬೇಡಿ. ಬೆಂಬಲ ಕೊಟ್ಟರೆ ಕಲಿಯಬಲ್ಲ ಭಾಷೆಯನ್ನು ಮಗುವಿನಿಂದ ದೂರ ಮಾಡುವುದು ನನಗೆ ಸರಿ ಕಾಣದು.

ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೆ. ವರ್ಷವಿಡೀ ಯಾವ ನೆರವೂ ಇಲ್ಲದೆ ಕಲಿತ ಮಗುವಿನ ಪಕ್ಕದಲ್ಲಿ ಪರೀಕ್ಷೆಯ ದಿನ ಅಪರಿಚಿತ ಲಿಪಿಕಾರನನ್ನು ಕೂರಿಸಿದರೆ ಆ ಸೌಲಭ್ಯವೇ ಹೊರೆಯಾಗುತ್ತದೆ. ಹೇಳಿ ಬರೆಸುವುದು ಕಲಿಯಬೇಕಾದ ಕೌಶಲ: ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಕಟ್ಟಿಕೊಂಡು ಹೇಳಬೇಕು, ಬರೆದದ್ದನ್ನು ಓದಿಸಿ ಕೇಳಬೇಕು, ಹೃದಯದ ಚಿತ್ರದಲ್ಲಿ ಬಾಣದ ಗುರುತು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮಾತಿನಲ್ಲೇ ತಿಳಿಸಬೇಕು, ಈ ನಡುವೆ ಗಡಿಯಾರವನ್ನೂ ಗಮನಿಸಬೇಕು. ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಈ ಅಭ್ಯಾಸ ಆರಂಭವಾಗಬೇಕು. ಹೆಚ್ಚುವರಿ ಗಂಟೆಯೂ ಹಾಗೆಯೇ; ದಣಿದ ಮಗುವಿಗೆ ಅದನ್ನು ಬಳಸುವ ಬಗೆಯನ್ನು ಮೊದಲೇ ಕಲಿಸಿರಬೇಕು.

ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಅವನಿಗೆ ಬೇರೆ ಪಾಠ ಬೇಕಿಲ್ಲ, ಅದೇ ಪಾಠವನ್ನು ತಲುಪುವ ಇನ್ನೊಂದು ದಾರಿ ಬೇಕು. ದ್ಯುತಿಸಂಶ್ಲೇಷಣೆಯನ್ನು ಕಲಿಸುವಾಗ ಕಪ್ಪುಹಲಗೆಯದನ್ನು ನಕಲು ಮಾಡಿಸುವ ಬದಲು ಅಚ್ಚಾದ ಟಿಪ್ಪಣಿಯನ್ನೇ ಕೊಡಿ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಹೆಸರು ಗುರುತಿಸದ ಎಲೆಯ ಚಿತ್ರವನ್ನು ಕೊಟ್ಟು ಅವನಿಂದ ವಿವರಣೆ ಕೇಳಿ. ಬರೆಯಬಲ್ಲವರು ಪುಟ ತುಂಬ ಬರೆಯಲಿ. ಇವನು ನಾಲ್ಕು ವಾಕ್ಯ ಬರೆದು ಉಳಿದದ್ದನ್ನು ಹೇಳಲಿ. ನಿಮ್ಮ ಪತ್ರದಲ್ಲಿ ಪ್ರಸ್ತಾಪವಾಗದ ಇನ್ನೂ ಕೆಲವು ಮಕ್ಕಳಿಗೆ ಇದರಿಂದ ನೆರವಾಗುವುದನ್ನು ನೀವೇ ಕಾಣುವಿರಿ.

ಕಲಿಕಾ ನ್ಯೂನತೆಯ ತಪಾಸಣೆ ಮತ್ತು ಪ್ರಮಾಣಪತ್ರಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಪೋಷಕರೊಂದಿಗೆ ಈ ವಾರವೇ ಮಾತನಾಡಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ, ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಸಂಪರ್ಕಿಸಿ, ಪರೀಕ್ಷಾ ಮಂಡಳಿಯ ಸುತ್ತೋಲೆಯಲ್ಲಿರುವ ಅರ್ಜಿಯ ಕೊನೆಯ ದಿನಾಂಕವನ್ನು ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ನೋಡಿಕೊಳ್ಳಿ. ಮುಂದಿನ ಘಟಕ ಪರೀಕ್ಷೆಯಲ್ಲಿ ಅವನು ಹೇಳಲಿ, ಒಬ್ಬರು ಬರೆದುಕೊಳ್ಳಲಿ.

– ಸಂಪಾದಕ