ಆರ್15 ತಗೊಳ್ಳಲಾ, ಆರ್‌ಸಿ 200 ತಗೊಳ್ಳಲಾ?

ಪ್ರಶ್ನೆ: ಸರ್, ನನ್ನ ಕೆಲಸ ಹಾಸನದಲ್ಲಿ, ಊರು ಪುತ್ತೂರು. ವಾರವಿಡೀ ಪೇಟೆಯೊಳಗೆ ಓಡಾಟ. ಶನಿವಾರ ಶಿರಾಡಿ ಘಾಟಿ ಇಳಿದು ಮನೆಗೆ, ಸೋಮವಾರ ಬೆಳಿಗ್ಗೆ ಹತ್ತಿ ವಾಪಸ್. ಕೆಲವು ಸಲ ತಮ್ಮ ಹಿಂದೆ ಕೂರುತ್ತಾನೆ. ಯಮಹಾ ಆರ್15 ವಿ4, ಕೆಟಿಎಂ ಆರ್‌ಸಿ 200 ಎರಡರಲ್ಲಿ ಒಂದು ತಗೋಬೇಕು. ಸ್ಪೆಕ್ ಎಲ್ಲ ಓದಿಯಾಗಿದೆ. ಓಡಿಸುವಾಗ ಏನು ವ್ಯತ್ಯಾಸ ಗೊತ್ತಾಗುತ್ತದೆ, ಅದನ್ನು ಹೇಳಿ.
– ಓದುಗರು, ಹಾಸನ

ಉತ್ತರ: ಸ್ಪೆಕ್ ಓದಿದ್ದೀರಿ ಅಂದರೆ ಇದು ಕಣ್ಣಿಗೆ ಬಿದ್ದಿರಬೇಕು. ಆರ್15ರ ಪವರ್ 18.4 ಪಿಎಸ್, ಆರ್‌ಸಿದು 25. ಆದರೆ ಎರಡೂ ಆ ಪವರ್ ಕೊಡುವುದು 10,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ದಿನಾ ಆಫೀಸಿಗೆ ಹೋಗುವಾಗ ಯಾರೂ ಅಲ್ಲಿಗೆ ಹೋಗಲ್ಲ, ಅಲ್ವಾ? ಅದಕ್ಕಿಂತ ತುಂಬಾ ಕೆಳಗೆ, 4,000–6,000ದಲ್ಲಿ ಬೈಕ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ನಿಮಗೆ ಮುಖ್ಯ.

ಅಲ್ಲಿ ಆರ್15 ಸಾಧು. ಇದರ ಎಂಜಿನ್‌ನಲ್ಲಿ ಬೋರ್ (ಸಿಲಿಂಡರಿನ ಅಗಲ) 58 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 58.7, ಹೆಚ್ಚುಕಮ್ಮಿ ಸಮ. ಜೊತೆಗೆ ವಿವಿಎ ಅಂತ ಇದೆ, ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ರೀತಿ ಬದಲಿಸುವ ವ್ಯವಸ್ಥೆ. 7,400 ಆರ್‌ಪಿಎಂ ತನಕ ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ತೆರೆಯಲು ಒಂದು ಕ್ಯಾಮ್, ಅದು ದಾಟಿದ ಮೇಲೆ ಇನ್ನೊಂದು. ಹಾಗಾಗಿ ಎನ್.ಆರ್. ಸರ್ಕಲ್ ಹತ್ತಿರ ಸಂಜೆ ಹೊತ್ತು ಬಸ್ಸು, ಆಟೋ ನಡುವೆ ಮೂರನೇ ಗೇರ್‌ನಲ್ಲೇ ನಿಧಾನಕ್ಕೆ ಹೋಗುತ್ತಿದ್ದರೂ ಎಂಜಿನ್ ಜಗ್ಗಾಡಲ್ಲ. ಕ್ಲಚ್ ಕೂಡ ಹಗುರ. ಆರ್‌ಸಿಯದು ಬೋರ್ 72, ಸ್ಟ್ರೋಕ್ ಬರೀ 49. ಜೋರಾಗಿ ತಿರುಗುವುದಕ್ಕೇ ಮಾಡಿದ ಎಂಜಿನ್ ಅದು. ಕೆಳಗಡೆ ಮಂಕು, ಪದೇಪದೇ ಗೇರ್ ಇಳಿಸಬೇಕು. ಬೇಸಿಗೆಯಲ್ಲಿ ಸಿಗ್ನಲ್‌ನಲ್ಲಿ ನಿಂತರೆ ಫ್ಯಾನ್ ಶುರುವಾಗಿ ಬಿಸಿ ಗಾಳಿ ಕಾಲಿಗೆ ಬರುತ್ತದೆ.

ಆದರೆ ಸೋಮವಾರ ಬೆಳಿಗ್ಗೆ ಗುಂಡ್ಯದಿಂದ ಮೇಲೆ ಹತ್ತುವಾಗ ಕಥೆಯೇ ಬೇರೆ. ಮುಂದೆ ಗ್ಯಾಸ್ ಟ್ಯಾಂಕರ್, ಹಿಂದೆ ತಮ್ಮ, ಓವರ್‌ಟೇಕ್ ಮಾಡಲು ಸಿಗುವುದು ಎರಡು ತಿರುವಿನ ನಡುವಿನ ಚಿಕ್ಕ ನೇರ ರಸ್ತೆ ಅಷ್ಟೇ. ಆರ್15ನಲ್ಲಿ ನಾಲ್ಕನೇ ಗೇರ್‌ನಲ್ಲಿದ್ದು ಸುಮ್ನೆ ಆಕ್ಸಿಲರೇಟರ್ ತಿರುಗಿಸಿದರೆ ಏನೂ ಆಗಲ್ಲ. ಎರಡು ಗೇರ್ ಇಳಿಸಿ 7,400 ದಾಟಿಸಬೇಕು. ದಾಟಿದ ತಕ್ಷಣ ಸೌಂಡ್ ಬದಲಾಗುತ್ತದೆ, ಎಳೆತ ಬರುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ, ಟ್ಯಾಂಕರ್ ಹಿಂದೆ ಇರುವಾಗಲೇ ಗೇರ್ ಇಳಿಸಿಕೊಂಡಿರಬೇಕು. ಆರ್‌ಸಿಯಲ್ಲೂ ಗೇರ್ ಇಳಿಸಲೇಬೇಕು, ಆದರೆ ಆಮೇಲೆ ಸಿಗುವ ಎಳೆತ ಬೇರೆ ಥರದ್ದು. ಒಂದು ಲೆಕ್ಕ ನೋಡಿ. ಆರ್15 ತೂಕ 142 ಕೆ.ಜಿ., ಆರ್‌ಸಿದು 160. ಇಬ್ಬರು ಕೂತರೆ ಇನ್ನೂ 135 ಕೆ.ಜಿ. ಅಂದುಕೊಳ್ಳಿ. ಆಗಲೂ ಕೆ.ಜಿ.ಗೆ ಸಿಗುವ ಪವರ್ ಆರ್‌ಸಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಏರಿನಲ್ಲಿ ಅದು ಖಂಡಿತ ಗೊತ್ತಾಗುತ್ತದೆ.

ಇಳಿಯುವಾಗ ಬ್ರೇಕ್. ಆರ್‌ಸಿಯ ಮುಂದಿನ ಡಿಸ್ಕ್ 320 ಮಿ.ಮೀ., ಆರ್15ದು 282. ಮಾರನಹಳ್ಳಿಯಿಂದ ಕೆಳಗೆ ತಿರುವಿನ ಮೇಲೆ ತಿರುವು, ಎದುರಿಗೆ ಲಾರಿ, ಮಳೆಗಾಲದಲ್ಲಿ ಕಾಂಕ್ರೀಟ್ ಮೇಲೆ ನೀರು. ಅಂಥ ಕಡೆ ಆರ್‌ಸಿಯ ಮುಂಭಾಗ ಗಟ್ಟಿಯಾಗಿ ನಿಂತ ಹಾಗೆ ಅನ್ನಿಸುತ್ತದೆ, ಎರಡು ಬೆರಳಲ್ಲಿ ಹಿಡಿದರೂ ನಂಬಿಕೆ ಬರುತ್ತದೆ. ಆರ್15 ಬ್ರೇಕ್ ಕೆಟ್ಟದ್ದಲ್ಲ, ಸ್ವಲ್ಪ ಬಲವಾಗಿ ಒತ್ತಬೇಕು. ಆರ್15ರ ಲಾಭ ಇರುವುದು ತಿರುವಿನಲ್ಲಿ. ಹಗುರ ಇರುವುದರಿಂದ ಎಡದಿಂದ ಬಲಕ್ಕೆ ಬೇಗ ವಾಲುತ್ತದೆ, ಗುಂಡಿ ಕಂಡರೆ ಕೊನೇ ಕ್ಷಣದಲ್ಲೂ ತಪ್ಪಿಸಬಹುದು. ಸ್ಲಿಪ್ಪರ್ ಕ್ಲಚ್ ಇರುವುದರಿಂದ ಅವಸರದಲ್ಲಿ ಗೇರ್ ಇಳಿಸಿದರೂ ಹಿಂದಿನ ಚಕ್ರ ಕುಣಿಯಲ್ಲ.

ಎರಡರಲ್ಲೂ ಕೈ ನೋವು ಇದ್ದೇ ಇದೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು, ಮೊಣಕೈ ಸಡಿಲ ಬಿಟ್ಟು ಕೂತರೆ ಮಣಿಕಟ್ಟಿನ ಮೇಲಿನ ಭಾರ ಎಷ್ಟೋ ಕಡಿಮೆಯಾಗುತ್ತದೆ. ಇದನ್ನು ಶೋರೂಂನವರು ಹೇಳಿಕೊಡಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಇದು ಇನ್ನೂ ಮುಖ್ಯ, ಇಲ್ಲದಿದ್ದರೆ ಮೈ ಭಾರ ಪೂರ್ತಿ ಹ್ಯಾಂಡಲ್ ಮೇಲೆ ಬಿದ್ದು ತಿರುಗಿಸುವುದೇ ಕಷ್ಟ. ಹಿಂದಿನ ಸೀಟಂತೂ ಎರಡರಲ್ಲೂ ಹೆಸರಿಗೆ ಮಾತ್ರ. ತಮ್ಮನನ್ನು ಕೂರಿಸಿಕೊಂಡು ಹೋಗುವಾಗ ಸಕಲೇಶಪುರದಲ್ಲಿ ನಿಲ್ಲಿಸಿ, ಕಾಫಿ ಕುಡಿದು ಮುಂದೆ ಹೋಗಿ.

ನನ್ನ ಸಲಹೆ ಆರ್15. ನಿಮಗೆ ವಾರದಲ್ಲಿ ಐದು ದಿನ ಪೇಟೆ, ಎರಡೇ ದಿನ ಘಾಟಿ. ಮೈಲೇಜೂ ಅದರದ್ದೇ ಜಾಸ್ತಿ. ತಮ್ಮ ಪ್ರತಿ ವಾರವೂ ಬರುತ್ತಾನೆ ಅಂತಾದರೆ ಮಾತ್ರ ಆರ್‌ಸಿ ನೋಡಿ.

ಪ್ರಶ್ನೆ: ನನ್ನ ಎತ್ತರ 5 ಅಡಿ 3 ಇಂಚು. ಆರ್15 ತುಂಬಾ ಇಷ್ಟ, ಆದರೆ ಕಾಲು ಪೂರ್ತಿ ನೆಲಕ್ಕೆ ತಾಗಲ್ಲ. ಮೆಕ್ಯಾನಿಕ್ ಒಬ್ಬರು ಹಿಂದಿನ ಸಸ್ಪೆನ್ಶನ್ ಇಳಿಸಿಕೊಡುತ್ತೇನೆ ಅನ್ನುತ್ತಾರೆ. ಮಾಡಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ಬೇಡ ಮೇಡಂ. ಹಿಂದೆ ಮಾತ್ರ ಇಳಿಸಿದರೆ ಮುಂದಿನ ಫೋರ್ಕಿನ ಕೋನ ಬದಲಾಗುತ್ತದೆ, ಚುರುಕಾಗಿ ತಿರುಗುವ ಬೈಕ್ ಸೋಮಾರಿ ಆಗುತ್ತದೆ. ಅದೇ ಅಲ್ವಾ ನಿಮಗೆ ಇಷ್ಟ ಆಗಿದ್ದು? ಸೀಟ್ ಎತ್ತರ 815 ಮಿ.ಮೀ. ಆದರೂ ಮುಂದುಗಡೆ ಕಿರಿದಾಗಿದೆ. ನಿಲ್ಲಿಸುವಾಗ ಸೀಟಿನ ಮುಂದಕ್ಕೆ ಸರಿದು, ಎಡಗಾಲು ಮಾತ್ರ ಪೂರ್ತಿ ಊರಿ, ಬಲಗಾಲು ಹಿಂದಿನ ಬ್ರೇಕ್ ಮೇಲಿಡಿ. ಖಾಲಿ ಮೈದಾನದಲ್ಲಿ ಒಂದು ವಾರ ಅಭ್ಯಾಸ ಮಾಡಿ. ಗಟ್ಟಿ, ದಪ್ಪ ಅಟ್ಟೆಯ ಬೂಟು ಹಾಕಿದರೆ ಇನ್ನೂ ಸಲೀಸು. ಆರ್‌ಸಿ ಇದಕ್ಕಿಂತ ಎತ್ತರ, ಭಾರವೂ ಜಾಸ್ತಿ, ಅದರ ಯೋಚನೆ ಬಿಡಿ.

ಪ್ರಶ್ನೆ: ಬೆಂಗಳೂರು–ಮೈಸೂರು ಹೈವೇಯಲ್ಲಿ ಹೋಗಿಬರಲು ಇವೆರಡರಲ್ಲಿ ಯಾವುದು ಒಳ್ಳೆಯದು?
– ಓದುಗರು, ಮಂಡ್ಯ

ಉತ್ತರ: ಅಲ್ಲಿ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ. ನಿಮಗೆ ಸಿಗುವುದು ಸರ್ವಿಸ್ ರಸ್ತೆ, ಅಲ್ಲಿ ಹಂಪ್, ಟ್ರ್ಯಾಕ್ಟರ್, ದಿಢೀರ್ ಅಂತ ಅಡ್ಡ ಬರುವ ಬೈಕ್‌ಗಳು. 25 ಪಿಎಸ್‌ಗೆ ಅಲ್ಲಿ ಕೆಲಸವೇ ಇಲ್ಲ, ಆರ್15 ಸಾಕು. ಅದಕ್ಕಿಂತ ನೆಟ್ಟಗೆ ಕೂರುವ ಬೈಕ್ ಯಾವುದಾದರೂ ಒಮ್ಮೆ ಓಡಿಸಿ ನೋಡಿ, ನಿಮ್ಮ ಬೆನ್ನಿಗೆ ಅದೇ ಹಿತ.