ಜಿಮ್ ಮುಗಿಸಿ ಅರ್ಧ ಗಂಟೆಯೊಳಗೆ ಪ್ರೋಟೀನ್ ಕುಡಿಯದಿದ್ದರೆ ಎತ್ತಿದ್ದೆಲ್ಲ ದಂಡವೇ?

68 ಕೆಜಿ ತೂಕ, ಸಸ್ಯಾಹಾರಿ, ಮಧ್ಯಾಹ್ನ 1ಕ್ಕೆ ಊಟ, ಸಂಜೆ 7ಕ್ಕೆ ಜಿಮ್, ಮನೆ ಸೇರಿ ಊಟಕ್ಕೆ ಕೂರುವಾಗ ರಾತ್ರಿ 9 ದಾಟಿರುತ್ತೆ ಅಂತ ಬರೆದಿದ್ದೀರಿ. ಅರ್ಧ ಗಂಟೆಯೊಳಗೆ ಪ್ರೋಟೀನ್ ಹೊಟ್ಟೆಗೆ ಬೀಳದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಅಂತ ಟ್ರೈನರ್ ಹೆದರಿಸಿದ್ದಾರಂತೆ. ಹಾಗೇನೂ ಆಗಲ್ಲ. ನಿಧಾನವಾಗಿ ಮನೆಗೆ ಹೋಗಿ ಊಟ ಮಾಡಿ.

ನನಗೂ ಇದೇ ಪಾಠ ಆಗಿತ್ತು. ಮೊದಲ ವರ್ಷವೆಲ್ಲ ಕೊನೆಯ ಸೆಟ್ ಮುಗಿದದ್ದೇ ತಡ, ಶೇಕರ್ ಕುಲುಕುತ್ತಾ ಪಾರ್ಕಿಂಗಿಗೆ ಓಡುತ್ತಿದ್ದೆ. ಒಂದು ದಿನ ಅವಸರದಲ್ಲಿ ಮುಚ್ಚಳ ಸರಿಯಾಗಿ ಕೂರಿಸದೆ ಬ್ಯಾಗಿಗೆ ತುರುಕಿದೆ. ಚಾಕೊಲೇಟ್ ವೇ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ ಕಲಸಿದ್ದು) ಅಷ್ಟೂ ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ಸುರಿದು, ವಾರಗಟ್ಟಲೆ ಆ ಬ್ಯಾಗು ಒಡೆದ ಹಾಲಿನ ವಾಸನೆ ಹೊಡೆಯಿತು. ತೋಳಿನ ಸುತ್ತಳತೆ ಮಾತ್ರ ಮೊದಲಿನಷ್ಟೇ ಇತ್ತು!

ಭಾರ ಎತ್ತಿದ ಮೇಲೆ ಸ್ನಾಯು ತನ್ನನ್ನು ರಿಪೇರಿ ಮಾಡಿಕೊಳ್ಳುವ ಕೆಲಸ ಸುಮಾರು ಒಂದು ದಿನ ಪೂರ್ತಿ ಚುರುಕಾಗಿ ನಡೆದಿರುತ್ತೆ. 2013ರಲ್ಲಿ ಶೋನ್‌ಫೆಲ್ಡ್, ಅರಗಾನ್, ಕ್ರೀಗರ್ ಅನ್ನುವ ಮೂವರು ಸಂಶೋಧಕರು ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಜಿಮ್ಮಿನ ಹಿಂದುಮುಂದೆಯೇ ಪ್ರೋಟೀನ್ ತಗೊಂಡವರಿಗೆ ಲಾಭ ಆದಂತೆ ಕಂಡದ್ದು ಹೆಚ್ಚಾಗಿ ಅವರು ದಿನಕ್ಕೆ ಒಟ್ಟಾರೆ ಜಾಸ್ತಿ ಪ್ರೋಟೀನ್ ತಿಂದಿದ್ದರಿಂದ ಅಂತ ಗೊತ್ತಾಯಿತು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಜಿಮ್ಮಿಗೆ ಹೋಗುವವರಾದರೆ ಮಾತು ಸ್ವಲ್ಪ ಬೇರೆ. ಅವರು ಮುಗಿಸಿದ ಮೇಲೆ ತಿಂಡಿಯನ್ನು ಬಹಳ ಮುಂದೂಡಬಾರದು.

ನಿಮ್ಮ ಲೆಕ್ಕದಲ್ಲಿ ನನಗೆ ಕಂಡ ತೊಡಕು 1 ಗಂಟೆಯಿಂದ 9ರವರೆಗಿನ ಆ ಖಾಲಿ ಹೊಟ್ಟೆ. ಐದೂವರೆ, ಆರರ ಹೊತ್ತಿಗೆ ಎರಡು ಮೂರು ಏಲಕ್ಕಿ ಬಾಳೆಹಣ್ಣು, ಅದರ ಜೊತೆ ಒಂದು ಲೋಟ ಹಾಲು ಅಥವಾ ಒಂದು ಸ್ಕೂಪ್ ವೇ ತಗೊಳ್ಳಿ. ಮೊಸರವಲಕ್ಕಿಯೂ ಆಗುತ್ತೆ. ಆಫೀಸಿನ ಕೆಳಗಿನ ಗಾಡಿಯ ಮೆಣಸಿನಕಾಯಿ ಬಜ್ಜಿ ಮಾತ್ರ ಬೇಡ. ಎಣ್ಣೆ ಪದಾರ್ಥ ಹೊಟ್ಟೆಯಿಂದ ಕೆಳಗಿಳಿಯುವುದು ತಡ. ಒಂದು ಭಾನುವಾರ ಬೆಣ್ಣೆ ಮಸಾಲೆ ದೋಸೆ ಮುಗಿಸಿ ಮುಕ್ಕಾಲು ಗಂಟೆಗೆ, ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ರ‍್ಯಾಕಿನ ಕೆಳಗೆ ನಿಂತಿದ್ದೆ. ಸೊಂಟಕ್ಕೆ ಬೆಲ್ಟ್ ಬಿಗಿದು, ಉಸಿರು ಹಿಡಿದು ಕೂತೆ ನೋಡಿ, ಚಟ್ನಿ ಗಂಟಲಿಗೇ ಬಂತು. ಅಂದಿನಿಂದ ಹೊಟ್ಟೆ ತುಂಬಾ ಊಟ ಆಗಿದ್ದರೆ ಎರಡು ಎರಡೂವರೆ ಗಂಟೆ ಬಿಟ್ಟೇ ಬಾರ್ ಮುಟ್ಟುವುದು. ಇನ್ನು ಜಿಮ್ಮಿಗೆ ಮುಂಚಿನ ಸ್ಟ್ರಾಂಗ್ ಕಾಫಿ. ಹುರುಪೇನೋ ಬರುತ್ತೆ, ಆದರೆ 7 ಗಂಟೆಯ ಜಿಮ್ಮಿಗೆ ಅಂತ 6ಕ್ಕೆ ಕುಡಿದರೆ ಮಲಗುವ ಹೊತ್ತಿಗೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತೆ. ನಾನಂತೂ ಬಿಟ್ಟೆ.

ಈಗ ನೀವು ಕೇಳದೇ ಇರುವ, ಆದರೆ ಕೇಳಬೇಕಾಗಿದ್ದ ವಿಷಯಕ್ಕೆ ಬರುತ್ತೇನೆ. ಸ್ನಾಯು ಬೆಳೆಯಬೇಕಾದರೆ ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ನಿಮಗೆ 110 ಗ್ರಾಂ ಹತ್ತಿರ ಆಯಿತು. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ ಸಾರು ಮೊಸರು, ರಾತ್ರಿ ಚಪಾತಿ ಪಲ್ಯ ಅಂತ ತಿಂದರೆ ನಲವತ್ತು ಐವತ್ತು ಗ್ರಾಂ ದಾಟುವುದೇ ಕಷ್ಟ. ಸಾರಿನಲ್ಲಿ ಬೇಳೆ ಇದೆಯಲ್ಲ ಅಂತೀರಿ. ನಮ್ಮನೆಯ ಸಾರಿನಲ್ಲಿ ಬೇಳೆ ಹುಡುಕಲು ಟಾರ್ಚ್ ಬೇಕು! ಬಸ್ಸಾರು ಮಾಡಿದ ದಿನ ಇನ್ನೂ ಮಜಾ. ಕಾಳು ಬಸಿದ ನೀರು ಸಾರಾಗುತ್ತೆ, ಕಾಳು ಪಲ್ಯಕ್ಕೆ ಹೋಗುತ್ತೆ. ನಾನು ಎರಡೆರಡು ಸಲ ಸಾರು ಹಾಕಿಸಿಕೊಂಡು, ಪಲ್ಯ ತಟ್ಟೆಯಂಚಿಗೆ ಒಂದು ಚಮಚ ಹಾಕಿಸಿಕೊಳ್ಳುತ್ತಿದ್ದೆ. ಪ್ರೋಟೀನ್ ಕೂತಿದ್ದದ್ದೇ ಆ ಚಮಚದಲ್ಲಿ. ಈಗ ಬಟ್ಟಲು ಅದಲುಬದಲಾಗಿದೆ, ಮುದ್ದೆ ಮಾತ್ರ ಹಾಗೇ ಇದೆ.

ನಿಮಗೆ ಹೀಗೆ ಮಾಡಬಹುದು: ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಒಂದು ದೊಡ್ಡ ಲೋಟ ಹಾಲು. ಅಲ್ಲಿಗೆ 20 ಗ್ರಾಂ ಬಂತು. ಮಧ್ಯಾಹ್ನ ಗಟ್ಟಿ ಹುಳಿ, ಒಂದು ಬಟ್ಟಲು ಕಾಳುಪಲ್ಯ, ಮೊಸರು ಸೇರಿ ಹೆಚ್ಚುಕಮ್ಮಿ 25. ಸಂಜೆ ವೇ ತಗೊಂಡರೆ 24ರ ಆಸುಪಾಸು. ರಾತ್ರಿ ಮೂರು ಚಪಾತಿ, 100 ಗ್ರಾಂ ಪನೀರ್ ಅಥವಾ 40 ಗ್ರಾಂ ಒಣ ಸೋಯಾ ಚಂಕ್ಸ್ ಹಾಕಿದ ಪಲ್ಯ, ಸುಮಾರು 30. ಮಲಗುವ ಮುಂಚೆ ಇನ್ನೊಂದು ಲೋಟ ಹಾಲು ಕುಡಿದರೆ ಮುಗೀತು. ಗ್ರಾಂ ತಪ್ಪಿದ ದಿನ ತಲೆ ಕೆಡಿಸಿಕೊಳ್ಳಬೇಡಿ, ವಾರದಲ್ಲಿ ಐದು ದಿನ ಹತ್ತಿರ ಬಂದರೆ ಸಾಕು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಸೋಯಾ ವಾಸನೆಗೆ ಮನೆಯಲ್ಲಿ ಮೂಗು ಮುರಿಯುತ್ತಾರೆ ಅಂದರೆ, ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ತಣ್ಣೀರಲ್ಲಿ ತೊಳೆದು ಗಟ್ಟಿಯಾಗಿ ಹಿಂಡಿ. ಆಮೇಲೆ ಈರುಳ್ಳಿ ಜೊತೆ ಹುರಿದು ವಾಂಗೀಬಾತ್ ಪುಡಿ ಉದುರಿಸಿ. ನಮ್ಮಮ್ಮ ಬಹಳ ದಿನ ಅದನ್ನು ಬದನೆಕಾಯಿ ಅಂದುಕೊಂಡೇ ತಿಂದರು.